ನೆಲ ಬಿಟ್ಟ ಎರಡು ಕಾಲು

ತನಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸನ್ನು ನಾನಿನ್ನೂ ನೋಡಿಲ್ಲ. ಅಡುಗೆ ಬರುವುದಿಲ್ಲ ಎನ್ನುವುದನ್ನು ನಾವು ಎದೆಯುಬ್ಬಿಸಿಯೇ ಹೇಳುತ್ತೇವೆ. ಈಜು ಬರುವುದಿಲ್ಲ, ಹಾಡು ಬರುವುದಿಲ್ಲ, ಮೆಂತ್ಯಕ್ಕೂ ಕೊತ್ತಂಬರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಇದಕ್ಕೆಲ್ಲ ನಮಗೆ ಸಂಕೋಚವೇ ಇಲ್ಲ. ಆದರೆ ಯಾರಾದರೂ ಕ್ಯಾಮೆರಾ ಚಾಚಿ 'ಒಂದು ತೆಗೀತೀರಾ?' ಅಂದರೆ ಸಾಕು, ಒಂದು ಕಣ್ಣು ಮುಚ್ಚಿ, ಒಂದು ಮೊಣಕಾಲು ಬಗ್ಗಿಸಿ, 'ಸ್ವಲ್ಪ ಹತ್ತಿರ ಬರ್ರಿ, ಎಡಗಡೆಯವರು ನಗ್ರಿ' ಎಂದು ಶುರು ಹಚ್ಚಿಕೊಳ್ಳುತ್ತೇವೆ. ನಾನು ಅಮೆರಿಕದ ಟೆಕ್ಸಸ್‌ನಲ್ಲಿ ಡಾಲಸ್ ಪಕ್ಕದ ಮರ್ಫಿಗೆ ಬಂದು ಹನ್ನೆರಡು ವರ್ಷವಾಯಿತು. ಅಷ್ಟರಲ್ಲಿ ಎಷ್ಟು ಗೃಹಪ್ರವೇಶ, ಎಷ್ಟು ಸೀಮಂತ, ಎಷ್ಟು ಮಕ್ಕಳ ಮೊದಲ ಹುಟ್ಟುಹಬ್ಬದ ಫೋಟೋ ತೆಗೆದಿದ್ದೇನೋ ನನಗೇ ನೆನಪಿಲ್ಲ. ಅವುಗಳಲ್ಲಿ ಮನೆಯವರೆಲ್ಲ ಕಣ್ಣು ಮುಚ್ಚಿಕೊಂಡಿರುತ್ತಾರೆ. ಇಲ್ಲವೇ ಮನೆಯವರು ಮಸುಕಾಗಿ, ಅವರ ಮುಂದಿನ ಚಿರೋಟಿ ತಟ್ಟೆ ಬಲು ಸ್ಪಷ್ಟವಾಗಿ ಬಂದಿರುತ್ತದೆ. ಎಲ್ಲರೂ 'ತುಂಬಾ ಚೆನ್ನಾಗಿ ಬಂದಿದೆ' ಅನ್ನುತ್ತಿದ್ದರು, ಮತ್ತೆ ಮುಂದಿನ ಸಮಾರಂಭಕ್ಕೆ ನನಗೆ ಊಟಕ್ಕೆ ಮಾತ್ರ ಕರೆ ಬರುತ್ತಿತ್ತು. ಇದರ ಅರ್ಥ ನನಗೆ ಹೊಳೆಯಲು ಹೆಂಡತಿಯ ಮೊಣಕಾಲು ನೋಯಬೇಕಾಯಿತು.

ನನ್ನ ಹೆಂಡತಿ ಸುಧಾ ಧಾರವಾಡದಲ್ಲಿ ಓದುವಾಗ ಕಾಲೇಜಿನ ಥ್ರೋಬಾಲ್ ತಂಡದ ಕ್ಯಾಪ್ಟನ್ ಆಗಿದ್ದಳು. ಮದುವೆಯಾದ ಮೊದಲ ವಾರದಲ್ಲೇ ನನಗಿದನ್ನು ಹೇಳಿದ್ದಳು. ನಾನೂ ಕಾಲೇಜಿನಲ್ಲಿ ಕವಿತೆ ಬರೆಯುತ್ತಿದ್ದೆ ಎಂದು ಅವಳಿಗೆ ಹೇಳಿದ್ದೆನಾದ್ದರಿಂದ ಇವಳದೂ ಅದೇ ಪೈಕಿ ಎಂದುಕೊಂಡು ಸುಮ್ಮನಾಗಿದ್ದೆ. ಆ ಕಾಲದ ಒಂದೇ ಒಂದು ಫೋಟೋ ಅವಳ ಹತ್ತಿರ ಇದೆ, ಬಹುಮಾನ ವಿತರಣೆಯದು. ಅದರಲ್ಲಿ ಮುಖ್ಯ ಅತಿಥಿಗಳ ಅಗಲವಾದ ಬೆನ್ನು, ಅವರ ಕೋಟು, ಮೈಕು, ಹಿಂದಿನ ಬ್ಯಾನರು ಎಲ್ಲ ಚೆನ್ನಾಗಿ ಕಾಣುತ್ತವೆ. ಬೆನ್ನಿನ ಬಲಬದಿಯಿಂದ ಒಂದು ಮೊಣಕೈ ಹೊರಗೆ ಬಂದಿದೆ. ಅದೇ ಸುಧಾ. ಆಸ್ಟಿನ್‌ನಲ್ಲಿ ಓದುತ್ತಿರುವ ನಮ್ಮ ಮಗಳು ಮೇಘಾ ರಜೆಗೆ ಬಂದಾಗ ಒಮ್ಮೆ ಈ ಫೋಟೋ ಅವಳ ಕೈಗೆ ಸಿಕ್ಕಿತು. 'ಅಮ್ಮಾ, ಯು? ಜಂಪಿಂಗ್? ರಿಯಲಿ?' ಎಂದು ಬಿದ್ದು ಬಿದ್ದು ನಕ್ಕಳು. ಸುಧಾನೂ ನಕ್ಕಳು. ಆದರೆ ಫೋಟೋವನ್ನು ತೆಗೆದುಕೊಂಡು ಹೋಗಿ ಪಾಸ್‌ಪೋರ್ಟುಗಳ ಕೆಳಗಿಟ್ಟು ಬೀರುವಿನ ಬಾಗಿಲು ಹಾಕಿದ್ದನ್ನು ನಾನು ನೋಡಿದೆ.

ಡಾಲಸ್, ಹೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡದವರು ಸೇರಿ ಹೆಂಗಸರ ಥ್ರೋಬಾಲ್ ಶುರು ಮಾಡಿದಾಗ ಸುಧಾಗೆ ನಲವತ್ತೇಳು. ಮೊದಲ ದಿನ ಅಭ್ಯಾಸಕ್ಕೆ ಹೋಗಿ ಬಂದವಳ ಮುಖ ನೋಡಿ ನಾನು 'ಏನ, ಲಾಟರಿ ಹತ್ತೇತೇನು?' ಅಂದೆ. ಥ್ರೋಬಾಲ್ ಗೊತ್ತಿಲ್ಲದವರಿಗೆ ಒಂದು ನಿಯಮ ಹೇಳಬೇಕು, ಸುಧಾ ನನಗೆ ಐವತ್ತು ಸಲ ಹೇಳಿದ್ದು. ಬಲೆಯ ಆಚೆಯಿಂದ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಹಿಡಿಯುವಾಗ ಕಾಲು ನೆಲದ ಮೇಲೇ ಇರಬೇಕು. ಹಿಡಿದಾದ ಮೇಲೆ ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಆಚೆ ಎಸೆಯಬೇಕು. ಎಸೆಯುವಾಗ ಬೇಕಾದರೆ ಹಾರಬಹುದು. ಈ ಕೊನೆಯ ಹಾರುವ ಭಾಗದಲ್ಲೇ ಸುಧಾಳ ಜೀವ. ಆದರೆ ಈ ವರ್ಷ ಮೊಣಕಾಲು ಊದತೊಡಗಿತು. ಡಾಕ್ಟರು ಎಕ್ಸ್‌ರೇ ನೋಡಿ, ಈ ಸೀಸನ್ ಬೇಕಾದರೆ ಆಡಿ ಮುಗಿಸಿ, ಆಮೇಲೆ ಜಿಗಿಯುವುದು ಸಂಪೂರ್ಣ ಬಂದ್ ಎಂದರು. ಕಾರಿನಲ್ಲಿ ವಾಪಸು ಬರುವಾಗ ಅವಳು ಮೊಣಕಾಲು ಸವರಿಕೊಳ್ಳುತ್ತ ಕೂತಿದ್ದಳು. ಕೊನೆಗೆ, 'ಒಂದ ಫೋಟೋ ಇದ್ದಿದ್ರ ಛಲೋ ಇತ್ತು ನೋಡ್ರಿ. ಹಾರೂದು. ನಾನು ಹಾರ್ತಿದ್ದೆ ಅನ್ನೂದು ನನಗ ಬಿಟ್ಟು ಯಾರಿಗೂ ಗೊತ್ತಿಲ್ಲ' ಅಂದಳು. ನಾನು ಸ್ಟೀರಿಂಗ್ ಗುದ್ದಿ, 'ಅಷ್ಟ ಹೌದಿಲ್ಲೋ? ನಾ ತಗೀತೀನಿ. ಮಾತು ಕೊಟ್ಟೆ' ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಪ್ರೀತಿ ಇತ್ತು, ನಂಬಿಕೆ ಇತ್ತೆಂದು ಹೇಳಲಾರೆ.

ನನ್ನ ಕ್ಯಾಮೆರಾದ ಬಗ್ಗೆ ಎರಡು ಮಾತು. ಸೋಪಿನ ಡಬ್ಬಿಯಷ್ಟಿದೆ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದುಗಡೆ ಪರದೆ ಮಾತ್ರ. ಟೆಕ್ಸಸ್‌ನ ಬಿಸಿಲಿನಲ್ಲಿ ಆ ಪರದೆಯಲ್ಲಿ ಕಾಣುವುದು ನನ್ನ ಟೋಪಿ ಮತ್ತು ನನ್ನ ಮೀಸೆ. ಸುಧಾಳನ್ನು ಹುಡುಕುತ್ತ ನಾನು ಎಷ್ಟು ಹೊತ್ತು ನನ್ನನ್ನೇ ನೋಡಿಕೊಂಡು ನಿಂತಿದ್ದೆನೋ. ಹೊಸದು ಕೊಳ್ಳಬಾರದೇ ಎಂದು ನೀವು ಕೇಳಬಹುದು. ಕಲೆ ಕೈಯಲ್ಲಿರಬೇಕು, ಡಬ್ಬಿಯಲ್ಲಲ್ಲ ಎಂದು ನಾನು ಹತ್ತಾರು ಜನರ ಮುಂದೆ ಭಾಷಣ ಮಾಡಿಬಿಟ್ಟಿದ್ದೆ. ಈಗ ಹೊಸದು ಹಿಡಿದುಕೊಂಡು ಹೋದರೆ ನನ್ನ ಮಾನ ಎಲ್ಲಿ ಉಳಿಯುತ್ತದೆ?

ಮೊದಲ ಸುತ್ತು ಹೂಸ್ಟನ್‌ನಲ್ಲಿ, ಸೈಪ್ರೆಸ್‌ನ ಒಂದು ಪಾರ್ಕಿನಲ್ಲಿ. ಆಟ ಬೆಳಿಗ್ಗೆ ಎಂಟಕ್ಕೆ ಎಂದು ಕಾಗದದಲ್ಲಿತ್ತು. ಎಂಟರ ಬಿಸಿಲು ಎಳೆಯದು, ಮುಖಕ್ಕೆ ಒಳ್ಳೆಯದು ಎಂದು ನಾನು ಎಲ್ಲೋ ಓದಿಕೊಂಡು ಏಳೂವರೆಗೇ ಹೋಗಿ ಕೂತೆ. ಎಂಟಕ್ಕೆ ಬಲೆಯ ಕಂಬಗಳು ಬಂದಿರಲಿಲ್ಲ. ಒಂಬತ್ತಕ್ಕೆ ಕಂಬ ಬಂದವು, ಅವುಗಳ ಜೊತೆ ಇಡ್ಲಿ ವಡೆಯೂ ಬಂದವು, ಎಲ್ಲರೂ ಕಂಬ ಬಿಟ್ಟು ವಡೆಯ ಕಡೆ ಹೋದರು. ಹತ್ತಕ್ಕೆ ದೀಪ ಬೆಳಗುವುದು. ಬಯಲಿನ ಗಾಳಿಗೆ ದೀಪ ನಾಲ್ಕು ಸಲ ಆರಿತು. ಐದನೇ ಸಲ ಹತ್ತಿದಾಗ ಎಲ್ಲರೂ ಚಪ್ಪಾಳೆ ಹೊಡೆದರು, ಆ ಗಾಳಿಗೋ ಏನೋ ಮತ್ತೆ ಆರಿತು. ಆಮೇಲೆ ಪ್ರಾರ್ಥನೆ, ಸ್ವಾಗತ, ಅತಿಥಿಗಳ ಮಾತು, ಪ್ರತಿ ಊರಿನವರ ಗುಂಪು ಫೋಟೋ, ಕಮಿಟಿಯವರ ಗುಂಪು ಫೋಟೋ, ಫೋಟೋದಲ್ಲಿ ಬಿಟ್ಟುಹೋದವರ ಗುಂಪು ಫೋಟೋ. ಮೊದಲ ಚೆಂಡು ಗಾಳಿಗೆ ಏರಿದಾಗ ಹನ್ನೆರಡೂವರೆ. ಸೂರ್ಯ ನೆತ್ತಿಯ ಮೇಲೆ ಗೂಟ ಹೊಡೆದುಕೊಂಡು ಕೂತಿದ್ದ.

ಪರದೆ ಕಾಣಬೇಕಲ್ಲ, ಏನು ಮಾಡುವುದು? ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಯಲ್ಲಿ ಸ್ಟುಡಿಯೋದವರು ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತಿದ್ದುದು ಥಟ್ಟನೆ ನೆನಪಾಯಿತು. ಸುಧಾಳ ಬ್ಯಾಗಿನಲ್ಲಿ ಕರಿ ದುಪಟ್ಟಾ ಇತ್ತು. ಅದನ್ನು ತಲೆಯ ಮೇಲಿಂದ ಸೊಂಟದ ತನಕ ಇಳಿಬಿಟ್ಟುಕೊಂಡು ಒಳಗೆ ಕ್ಯಾಮೆರಾ ಹಿಡಿದು ನಿಂತೆ. ಹೂಸ್ಟನ್‌ನ ಸೆಕೆಯಲ್ಲಿ, ಕರಿ ಬಟ್ಟೆಯೊಳಗೆ, ಮಧ್ಯಾಹ್ನ ಹನ್ನೆರಡೂವರೆಗೆ ನಿಲ್ಲುವ ಅನುಭವ ಹೇಗಿರುತ್ತದೆ ಎಂದರೆ, ಇಡ್ಲಿಗೆ ಏನನ್ನಿಸುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಹತ್ತು ನಿಮಿಷದಲ್ಲಿ ಕಣ್ಣು ಕತ್ತಲಿಟ್ಟು ಕೆಳಗೆ ಕೂತೆ. ಹೂಸ್ಟನ್ ತಂಡದ ಕ್ಯಾಪ್ಟನ್ ರೂಪಾ, ಮೈಸೂರಿನವರು, ಆಟ ನಿಲ್ಲಿಸಿ ಓಡಿ ಬಂದು ಮಜ್ಜಿಗೆ ಕುಡಿಸಿದರು. 'ಪಾಟೀಲ್ರೇ, ಬಿಸಿಲಿಗೆ ಬಟ್ಟೆ ಹೊದ್ಕೊಂಡು ಯಾಕೆ ನಿಂತಿದೀರಿ? ಜ್ವರಾನಾ?' ಎಂದು ಕೇಳಿದರು. ಪಾಪ, ಕಾಳಜಿಯಿಂದಲೇ ಕೇಳಿದ್ದು.

ಆದರೂ ಇನ್ನೂರಕ್ಕೂ ಮೇಲೆ ಫೋಟೋ ತೆಗೆದಿದ್ದೆ. ಆರಿಸುವ ಗೋಜಿಗೆ ಹೋಗದೆ ಅಷ್ಟನ್ನೂ ಮೂರೂ ಊರಿನ ವಾಟ್ಸಾಪ್ ಗುಂಪಿಗೆ ಸುರಿದುಬಿಟ್ಟೆ. ನೆತ್ತಿಯ ಬಿಸಿಲಿಗೆ ಟೋಪಿಯ ನೆರಳು ಬಿದ್ದು ಎಲ್ಲರ ಮುಖವೂ ಕರ್ರಗೆ ಕಾಡಿಗೆ. ಚೆಂಡು ಯಾವುದರಲ್ಲೂ ಇಲ್ಲ. ಇದ್ದದ್ದು ಬರೀ ಮೊಣಕೈ. ಎಡದಿಂದ ಮೊಣಕೈ, ಬಲದಿಂದ ಮೊಣಕೈ, ಮೇಲಿನಿಂದ ಇಳಿದು ಬಂದ ಮೊಣಕೈ. ಮೇಘಾ ಫೋನ್ ಮಾಡಿ 'ಅಪ್ಪಾ, ದಿಸ್ ಈಸ್ ಆಲ್ ಎಲ್ಬೋಸ್' ಎಂದಳು. ಗುಂಪಿನಲ್ಲಿ ರೂಪಾ ವಿನಯವಾಗಿಯೇ ಬರೆದಿದ್ದರು: 'ತುಂಬಾ ಥ್ಯಾಂಕ್ಸ್ ಪಾಟೀಲ್ರೇ. ಇದರಲ್ಲಿ ನಾನು ಯಾವ ಮೊಣಕೈ ಅಂತ ದಯವಿಟ್ಟು ತಿಳಿಸಿ.' ಅಂದಿನಿಂದ ಮೂರೂ ಊರುಗಳಲ್ಲಿ ನನ್ನ ಹೆಸರು ಮನೆಮಾತಾಯಿತು.

ನನಗೆ ಸಿಟ್ಟು ಬಂದರೆ ಪತ್ರ ಬರೆಯುತ್ತೇನೆ. ಇದು ನನ್ನ ಹಳೆಯ ಚಟ. ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಾದ್ದರಿಂದ ಸ್ವಂತ ತಪ್ಪಿನ ಕಡೆ ಗಮನ ಕೊಡಲು ಸಮಯ ಸಿಗುವುದಿಲ್ಲ. ಸೋಮವಾರ ಊಟದ ಹೊತ್ತಿನಲ್ಲಿ ಕೂತು ಮೂರೂ ಊರಿನ ಕಮಿಟಿಗಳಿಗೆ ಮೂರು ಪುಟದ ಪತ್ರ ಬರೆದೆ. ಎಂಟೆಂದರೆ ಎಂಟು, ಸೂರ್ಯ ನಮ್ಮ ಕಮಿಟಿಯ ಅನುಕೂಲ ನೋಡಿಕೊಂಡು ಮೇಲೇರುವುದಿಲ್ಲ, ಸಮಯಕ್ಕೆ ಬೆಲೆ ಕೊಡದ ಸಮಾಜ ಎಂದೂ ಮುಂದೆ ಬರುವುದಿಲ್ಲ ಎಂದೆಲ್ಲ ಝಾಡಿಸಿದೆ. ನನಗೇ ರೋಮಾಂಚನವಾಯಿತು. ಉತ್ತರವಾಗಿ ಒಬ್ಬರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಇಷ್ಟೇ ನಮ್ಮ ಜನ ಎಂದುಕೊಂಡು ಮರೆತುಬಿಟ್ಟೆ.

ಎರಡನೇ ಸುತ್ತು ಆಸ್ಟಿನ್‌ನಲ್ಲಿ. ಹಿಂದಿನ ಸಂಜೆ ಅಲ್ಲೇ ಹತ್ತಿರದ ಟೇಲರ್ ಎಂಬ ಊರಿನಲ್ಲಿರುವ ಸ್ನೇಹಿತ ನಂಜುಂಡನ ಮನೆಯಲ್ಲಿ ಇಳಿದುಕೊಂಡೆವು. ನಂಜುಂಡ ವಾರದಲ್ಲಿ ಐದು ದಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಉಳಿದ ಎರಡು ದಿನ ಹಕ್ಕಿಗಳ ಫೋಟೋ ತೆಗೆಯುತ್ತಾನೆ. ಅವನ ಗೋಡೆಯ ಮೇಲಿನ ಬೆಳ್ಳಕ್ಕಿಯ ಒಂದೊಂದು ಪುಕ್ಕವನ್ನೂ ಎಣಿಸಬಹುದು. ನನ್ನ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿ, 'ಇರಲಿ ಬಿಡು, ಇದರಲ್ಲೂ ಆಗತ್ತೆ' ಎಂದ. ಆ ಮಾತಿಗೆ ನಾನು ಅವನಿಗೆ ಜನ್ಮವಿಡೀ ಋಣಿ. ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ ಪರದೆಯ ಸುತ್ತ ಗೂಡಿನ ಹಾಗೆ ಮಾಡಿ ರಬ್ಬರ್‌ಬ್ಯಾಂಡ್ ಹಾಕಿದ. ಅದರೊಳಗೆ ಕಣ್ಣಿಟ್ಟರೆ ಎಂಥ ಬಿಸಿಲಿನಲ್ಲೂ ಪರದೆ ನಿಚ್ಚಳ! ನಾನು ದುಪಟ್ಟಾದೊಳಗೆ ಬೆಂದದ್ದೆಲ್ಲ ವ್ಯರ್ಥವಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಆಮೇಲೆ ಗ್ಯಾರೇಜಿನ ಬಾಗಿಲಿಗೆ ಟೆನಿಸ್ ಚೆಂಡು ಹೊಡೆಯುತ್ತ ನನಗೆ ಪಾಠ ಮಾಡಿದ. 'ಚೆಂಡಿನ ಹಿಂದೆ ಓಡಬೇಡ. ಅತ್ತಿಗೆ ಎಲ್ಲಿ ಹಾರ್ತಾರೋ ಆ ಜಾಗಕ್ಕೆ ಮೊದಲೇ ಗುರಿ ಇಟ್ಟು, ಬಟನ್ ಅರ್ಧ ಒತ್ತಿ ಹಿಡ್ಕೊಂಡು ಕೂತಿರು. ಬಿಳಿ ಜೆರ್ಸಿ ಬಿಸಿಲಿಗೆ ಸುಣ್ಣದ ಹಾಗೆ ಸುಟ್ಟುಹೋಗತ್ತೆ, ಬೆಳಕು ಒಂದು ಮೆಟ್ಟಿಲು ಇಳಿಸು. ಬಿಸಿಲು ಪಕ್ಕದಿಂದ ಬರೋ ಹಾಗೆ ಕೂತ್ಕೋ. ನೆಲಕ್ಕೆ ಮಂಡಿಯೂರು, ಕೆಳಗಿನಿಂದ ತೆಗೆದರೆ ಒಂದು ಗೇಣು ಹಾರಿದ್ದೂ ಒಂದು ಮಾರು ಕಾಣತ್ತೆ.' ಇಷ್ಟನ್ನೂ ನಾನು ಅಂಗೈ ಮೇಲೆ ಬರೆದುಕೊಂಡೆ. ಮರುದಿನ ಬೆವರಿಗೆ 'ಮಂಡಿ' ಎನ್ನುವುದೊಂದು ಬಿಟ್ಟು ಎಲ್ಲ ಅಳಿಸಿಹೋಯಿತು.

ಆಸ್ಟಿನ್‌ನಲ್ಲೂ ಎಂಟರ ಆಟ ಹನ್ನೊಂದೂವರೆಗೆ ಶುರುವಾಯಿತು. ಆದರೆ ಈ ಸಲ ಮನುಷ್ಯರು ಪೂರ್ತಿ ಬಂದರು, ತಲೆಯಿಂದ ಕಾಲಿನವರೆಗೆ. ಅಷ್ಟೂ ಫೋಟೋಗಳಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಿತ್ತು ಅನ್ನುವುದೊಂದೇ ತೊಂದರೆ. ನಂಜುಂಡ ನೋಡಿ ಹೇಳಿದ: 'ಅತ್ತಿಗೆ ಹಾರಿ, ಇಳಿದು, ಸುಧಾರಿಸಿಕೊಂಡ ಮೇಲೆ ನೀನು ಒತ್ತುತಿದೀಯ. ನಿನ್ನ ಈ ಡಬ್ಬಿ ಒತ್ತಿದ ಮೇಲೂ ಸ್ವಲ್ಪ ಯೋಚನೆ ಮಾಡತ್ತೆ ಕಣೋ. ಅವರು ಹಾರೋ ಮುಂಚೆನೇ ನೀನು ಒತ್ತಬೇಕು.' ಹೆಂಡತಿ ಏನು ಮಾಡುತ್ತಾಳೆ ಎಂದು ಅವಳು ಮಾಡುವ ಮೊದಲೇ ಊಹಿಸುವ ಶಕ್ತಿ ಇದ್ದಿದ್ದರೆ ನನ್ನ ಸಂಸಾರವೇ ಬೇರೆ ಥರ ಇರುತ್ತಿತ್ತು ಎಂದು ನಾನು ಹೇಳಲಿಲ್ಲ. ಸುಧಾ ಅಲ್ಲೇ ಕೂತಿದ್ದಳು. ಹೊರಡುವಾಗ ನಂಜುಂಡ ಇನ್ನೊಂದು ಮಾತು ಹೇಳಿದ: 'ಈ ಬಿಸಿಲಿನ ಸಹವಾಸವೇ ಬೇಡ ಅಂದರೆ ಸಂಜೆ ಏಳರ ಹೊತ್ತಿಗೆ ತೆಗಿ. ಆವಾಗ ಬೆಳಕು ಮೆತ್ತಗಿರತ್ತೆ, ಎಲ್ಲರೂ ಚೆನ್ನಾಗಿ ಕಾಣ್ತಾರೆ.'

ವಾಪಸು ಬರುವ ದಾರಿಯಲ್ಲಿ ಸುಧಾ ಮೊಣಕಾಲಿನ ಮೇಲೆ ಐಸ್ ಚೀಲ ಇಟ್ಟುಕೊಂಡು ಕೂತಿದ್ದಳು. ಅಂದು ಒಂದು ಸೆಟ್ ಪೂರ್ತಿ ಹೊರಗೇ ಕೂರಬೇಕಾಗಿತ್ತು ಅವಳಿಗೆ. 'ಇನ್ನೊಂದ ಆಟ ಉಳದೈತಿ ನೋಡ್ರಿ,' ಅಂದಳು. ಐಸ್ ಚೀಲ ಸರಿಪಡಿಸಿಕೊಂಡು, 'ಫೋಟೋ ಬರಲಿಲ್ಲಂದ್ರೂ ನಡೀತೈತಿ ಬಿಡ್ರಿ. ನೀವು ಇಷ್ಟ ಬಿಸಲಾಗ ನಿಂತ್ರೆಲ್ಲ, ಅದ ಭಾಳ ಆತು' ಅಂದಳು. ಬೈದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಹೀಗೆ ಸಮಾಧಾನ ಮಾಡಿದರೆ ಗಂಡ ಆದವನು ಏನು ಮಾಡಬೇಕು? ಅಲ್ಲೇ ನಿಶ್ಚಯ ಮಾಡಿದೆ, ಈ ಸಲ ತಲೆ ಓಡಿಸಿಯೇ ಸೈ.

ಕೊನೆಯ ಆಟ ನಮ್ಮ ಡಾಲಸ್‌ನಲ್ಲಿ, ಮರ್ಫಿಗೆ ಹತ್ತು ನಿಮಿಷ ದೂರದ ಕಾಂಕ್ರೀಟ್ ಕೋರ್ಟಿನಲ್ಲಿ. ಡಾಲಸ್‌ಗೂ ಹೂಸ್ಟನ್‌ಗೂ ಫೈನಲ್. ನಾನು ಕಮಿಟಿಗೆ ಸೇರಿಕೊಂಡೆ. ಮೊದಲ ಸಭೆಯಲ್ಲೇ, ಬೆಳಿಗ್ಗೆ ಬೇಡ, ಆಟವನ್ನು ಮಧ್ಯಾಹ್ನ ನಾಲ್ಕಕ್ಕೆ ಇಡೋಣ ಎಂದು ಹಟ ಹಿಡಿದೆ. ನಾಲ್ಕಕ್ಕೆ ಭಯಂಕರ ಬಿಸಿಲಲ್ಲವೇ ಎಂದು ಒಬ್ಬರು ಕೇಳಿದರು. ನಾನು ಮುಗುಳ್ನಕ್ಕೆ. ನನ್ನ ಲೆಕ್ಕ ಸರಳವಾಗಿತ್ತು. ಹೂಸ್ಟನ್‌ನಲ್ಲಿ ನಾಲ್ಕೂವರೆ ತಾಸು ತಡ, ಆಸ್ಟಿನ್‌ನಲ್ಲಿ ಮೂರೂವರೆ ತಾಸು ತಡ. ನಮ್ಮವರು ಎಷ್ಟೇ ಸುಧಾರಿಸಿದರೂ ಮೂರು ತಾಸಿಗೆ ಮೋಸವಿಲ್ಲ. ನಾಲ್ಕಕ್ಕೆ ಮೂರು ಕೂಡಿಸಿದರೆ ಏಳು. ಮೆತ್ತಗಿನ ಬೆಳಕು. ಕಾರ್ಯದರ್ಶಿ ಶ್ರೀನಿವಾಸ್ ಬೆಂಗಳೂರಿನ ಹುರುಪಿನ ಮನುಷ್ಯ, 'ನಿಮ್ಮ ಮಾತಿನಂತೆಯೇ ಆಗಲಿ ಸಾರ್' ಎಂದು ಬರೆದುಕೊಂಡರು. ಎರಡನೇ ಸಭೆಗೆ ನಾನು ಹೋಗಲಿಲ್ಲ. ಕೆಲಸ ಆಗಿತ್ತಲ್ಲ.

ಆ ದಿನ ಸುಧಾ ಎರಡೂವರೆಗೇ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ತಂಡದ ಜೊತೆ ಹೋದಳು. 'ನೀವು?' ಅಂದಳು. 'ನೀ ನಡಿ, ನಾ ಆರಕ್ಕ ಬರ್ತೀನಿ. ಇಷ್ಟ ಲಗೂ ಹೋಗಿ ಏನ್ ಮಾಡೂದೈತಿ?' ಎಂದೆ. ಮೊಸರನ್ನ ಉಂಡು, ಫ್ಯಾನ್ ಹಾಕಿಕೊಂಡು ಕಾಲು ಚಾಚಿದೆ. ಒಳ್ಳೆ ನಿದ್ದೆ ಹತ್ತಿತು. ಫೋನ್ ಹೊಡೆದುಕೊಂಡಾಗ ನಾಲ್ಕು ನಲವತ್ತು. ಶ್ರೀನಿವಾಸ್. 'ಸಾರ್, ಎಲ್ಲಿದೀರಿ? ಎರಡು ಸೆಟ್ ಮುಗೀತು. ಒಂದು ನಮ್ಮದು, ಒಂದು ಅವರದು. ಈಗ ಮೂರನೇದು ಶುರುವಾಗತ್ತೆ.'

'ಏನ್ರಿ ಹೇಳ್ತೀರಿ? ದೀಪ? ಭಾಷಣ? ಗುಂಪು ಫೋಟೋ?'

'ಎಲ್ಲಾ ಆಟ ಮುಗಿದ ಮೇಲೆ ಇಟ್ವಿ ಸಾರ್. ಮೊನ್ನೆ ಸಭೆಯಲ್ಲಿ ನಿಮ್ಮ ಪತ್ರ ಪೂರ್ತಿ ಓದಿದ್ವಿ. ನಮಗೆಲ್ಲ ನಾಚಿಕೆ ಆಯ್ತು. ನಾಲ್ಕು ಅಂದರೆ ನಾಲ್ಕಕ್ಕೇ ಸೀಟಿ ಹೊಡೆಸಿದ್ವಿ. ಕ್ರೆಡಿಟ್ಟೆಲ್ಲ ನಿಮಗೇ ಸೇರಬೇಕು.'

ನಾನು ಹವಾಯಿ ಚಪ್ಪಲಿಯಲ್ಲಿ, ಮನೆಯ ಚಡ್ಡಿಯಲ್ಲಿ, ಟೋಪಿಯೂ ಇಲ್ಲದೆ ಕಾರು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನು ಬೈದುಕೊಂಡಷ್ಟು ನಮ್ಮ ಮಾಸ್ತರರೂ ಎಂದೂ ಬೈದಿರಲಿಲ್ಲ. ಹೋಗಿ ಮುಟ್ಟಿದಾಗ ಮೂರನೇ ಸೆಟ್ ಹನ್ನೆರಡು–ಹನ್ನೆರಡು. ಹದಿನೈದಕ್ಕೆ ಆಟ ಮುಗಿಯುತ್ತದೆ. ಬಿಸಿಲು ಚುರುಚುರು ಸುಡುತ್ತಿತ್ತು. ಕರವಸ್ತ್ರ ತಲೆಗೆ ಕಟ್ಟಿಕೊಂಡೆ. ಪಕ್ಕದಿಂದ ಬಿಸಿಲು ಬರುವ ಜಾಗ ಹುಡುಕಿದೆ. ಅಂಗೈಯಲ್ಲಿ ಉಳಿದಿದ್ದ ಒಂದೇ ಪಾಠ ನೆನಪಿಸಿಕೊಂಡು ಮಂಡಿಯೂರಿದೆ. ಕಾದ ಕಾಂಕ್ರೀಟಿನ ಮೇಲೆ ಬರಿ ಮಂಡಿ! 'ಅಯ್ಯಯ್ಯೋ' ಎಂದ ನನ್ನ ಕೂಗನ್ನು ಡಾಲಸ್‌ಗೆ ನಾನು ಕೊಡುತ್ತಿರುವ ಪ್ರೋತ್ಸಾಹವೆಂದು ತಿಳಿದು ಅಕ್ಕಪಕ್ಕದವರೂ ಕೂಗಿದರು. ಕಾರ್ನ್‌ಫ್ಲೇಕ್ಸ್ ಗೂಡಿನೊಳಗೆ ಕಣ್ಣಿಟ್ಟೆ. ಬೆಳಕು ಒಂದು ಮೆಟ್ಟಿಲು ಇಳಿಸಿದೆ. ನಾಲ್ಕೈದು ಫೋಟೋ ತೆಗೆದೆ, ಎಲ್ಲದರಲ್ಲೂ ಸುಧಾ ಹಾರಿ ಇಳಿದಾಗಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ 'ಒಂದು' ಎಂಬ ಅಂಕಿ ಮಿನುಗತೊಡಗಿತು. ಇನ್ನೊಂದೇ ಫೋಟೋಗೆ ಜಾಗ. ಹೂಸ್ಟನ್‌ನ ಮೊಣಕೈಗಳನ್ನು ನಾನು ಅಳಿಸಿರಲೇ ಇಲ್ಲ.

ಡಾಲಸ್ ಹದಿನಾಲ್ಕು, ಹೂಸ್ಟನ್ ಹದಿಮೂರು. ರೂಪಾ ಚೆಂಡನ್ನು ಎತ್ತರಕ್ಕೆ, ಸುಧಾಳ ತಲೆಯ ಮೇಲಿಂದ ದಾಟುವ ಹಾಗೆ ಎಸೆದರು. ಮೊದಲೇ ಒತ್ತಬೇಕು, ಮೊದಲೇ ಒತ್ತಬೇಕು ಎಂದು ಜಪ ಮಾಡುತ್ತಿದ್ದವನು ಚೆಂಡು ಇನ್ನೂ ಬಲೆಯ ಮೇಲಿರುವಾಗಲೇ ಒತ್ತಿಬಿಟ್ಟೆ. ಥೂ, ತೀರಾ ಬೇಗ ಆಯಿತು, ಅವಳು ಎಸೆಯುವುದು ಇನ್ನೂ ದೂರವಿದೆ, ಹೋಯಿತು, ಎಲ್ಲ ಹೋಯಿತು ಎಂದು ತಲೆ ತಗ್ಗಿಸಿದೆ. ತಲೆ ಎತ್ತುವಷ್ಟರಲ್ಲಿ ಸುಧಾ ಚೆಂಡು ಹಿಡಿದು, ತಿರುಗಿ, ಆಚೆಯ ಮೂಲೆಗೆ ಎಸೆದಾಗಿತ್ತು. ಹದಿನೈದು. ನಮ್ಮವರು ಕಿರುಚುತ್ತ ಒಳಗೆ ನುಗ್ಗಿದರು.

ರೂಪಾ ಮಾತ್ರ ಕೈ ಎತ್ತಿ ನಿಂತಿದ್ದರು. 'ಅಂಕಲ್, ಫೌಲ್! ಹಿಡಿಯುವಾಗ ಸುಧಕ್ಕನ ಎರಡೂ ಕಾಲು ಗಾಳಿಯಲ್ಲಿತ್ತು. ನಾನು ನೋಡಿದೆ.' ರೆಫರಿಯಾಗಿದ್ದವರು ಆಸ್ಟಿನ್‌ನ ಹಿರಿಯರು, ಎಲ್ಲರಿಗೂ ಅಂಕಲ್. ಪಾಪ, ಕಣ್ಣುಜ್ಜಿಕೊಳ್ಳುತ್ತಿದ್ದರು. 'ಬಿಸಿಲು ಕಣ್ಣಿಗೇ ಹೊಡೀತಿತ್ತಮ್ಮ, ನನಗೆ ಕಾಣಲಿಲ್ಲ. ಸುಧಾ, ನೀನೇ ಹೇಳಮ್ಮ.' ಸುಧಾ ಏದುಸಿರು ಬಿಡುತ್ತ, 'ಇಲ್ರಿ ಅಂಕಲ್, ಕಾಲು ನೆಲದ ಮ್ಯಾಲೇ ಇತ್ತು' ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಹಾಗೆಂದೇ ಅವಳು ನಂಬಿದ್ದಳು. ಆಗ ಗುಂಪಿನಲ್ಲಿ ಯಾರೋ 'ಪಾಟೀಲ್ರು ಫೋಟೋ ತೆಗೀತಿದ್ರಲ್ಲ, ನೋಡಿ' ಎಂದರು. ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಹವಾಯಿ ಚಪ್ಪಲಿ, ತಲೆಗೆ ಕರವಸ್ತ್ರ, ಕೈಯಲ್ಲಿ ಕಾರ್ನ್‌ಫ್ಲೇಕ್ಸ್ ಡಬ್ಬಿ. ರೂಪಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಸಿಟ್ಟಿನಲ್ಲಿದ್ದವರ ತುಟಿಯಲ್ಲಿ ನಗು ಬಂತು. 'ಅಯ್ಯೋ ಬಿಡಿ ಅಂಕಲ್, ಪಾಟೀಲ್ರ ಕ್ಯಾಮೆರಾದಲ್ಲಿ ಏನು ಬಂದಿರತ್ತೆ? ಮೊಣಕೈ ಬಂದಿರತ್ತೆ' ಎಂದರು. ಇಡೀ ಕೋರ್ಟು ಗೊಳ್ಳೆಂದು ನಕ್ಕಿತು. ಅಂಕಲ್ ನಗುತ್ತಲೇ ಸೀಟಿ ಊದಿ ಡಾಲಸ್ ಗೆದ್ದಿತು ಎಂದುಬಿಟ್ಟರು. ರೂಪಾ ಬಂದು ಸುಧಾಳನ್ನು ತಬ್ಬಿಕೊಂಡರು. ನನಗೆ ಮೈಯೆಲ್ಲ ಉರಿಯಿತು, ಆದರೆ ಒಳಗೊಳಗೇ ನನಗೂ ಅದೇ ಅನುಮಾನವಿತ್ತು.

ಮನೆಗೆ ಬಂದು ಸುಧಾ ಟ್ರೋಫಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಾಲಿಗೆ ಐಸ್ ಇಟ್ಟುಕೊಂಡು ಸೋಫಾದಲ್ಲಿ ಕೂತಳು. ನಾನು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕೊನೆಯ ಫೋಟೋ ತೆರೆದೆ. ತೆರೆದವನು ಹಾಗೇ ಕೂತುಬಿಟ್ಟೆ. ಸುಧಾ ಗಾಳಿಯಲ್ಲಿದ್ದಳು. ಎರಡೂ ತೋಳು ಮೇಲೆ, ಚೆಂಡು ಎರಡೂ ಅಂಗೈಗಳ ನಡುವೆ, ಜಡೆ ಮೇಲಕ್ಕೆ ಹಾರಿದೆ, ಮುಖ ಆಕಾಶಕ್ಕೆ ಎತ್ತಿದ್ದರಿಂದ ಬಿಸಿಲು ನೇರ ಮುಖದ ಮೇಲೆ ಬಿದ್ದು ಒಂದೊಂದು ಬೆವರ ಹನಿಯೂ ಕಾಣುತ್ತಿದೆ. ಬಾಯಿ ತೆರೆದು ನಗುತ್ತಿದ್ದಾಳೆ. 'ಸುಧಾ, ಲಗೂ ಬಾ ಇಲ್ಲಿ' ಎಂದೆ. ಕುಂಟುತ್ತ ಬಂದಳು. ನೋಡಿದಳು. ಪರದೆಯ ಮೇಲೆ ಬೆರಳಿಟ್ಟಳು. 'ಇದು ನಾನ ಏನ್ರಿ?' ಎಂದಳು. ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಸಂತೋಷವಾಗಿ ನನ್ನ ಯಾವ ಕೆಲಸವನ್ನೂ ನೋಡಿರಲಿಲ್ಲ.

ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಕೆಳಗಿಳಿಯಿತು. ಬಿಳಿ ಕಾಂಕ್ರೀಟಿನ ಮೇಲೆ ಐದು ಗಂಟೆಯ ಆ ಬಿಸಿಲಿಗೆ ಅವಳ ನೆರಳು ಮಸಿಯಷ್ಟು ಕಪ್ಪಗೆ ಬಿದ್ದಿತ್ತು. ನೆರಳಿಗೂ ಬೂಟಿಗೂ ನಡುವೆ ಒಂದು ಗೇಣು ಬೆಳಕು. ಎರಡೂ ಬೂಟು. ಚೆಂಡು ಎರಡೂ ಕೈಯಲ್ಲಿ. ಏಳು ಗಂಟೆಯ ಮೆತ್ತಗಿನ ಬೆಳಕಿನಲ್ಲಿ ಈ ನೆರಳು ಇಷ್ಟು ಸ್ಪಷ್ಟವಾಗಿ ಬೀಳುತ್ತಲೇ ಇರಲಿಲ್ಲ.

'ಅಯ್ಯ ಶಿವನ, ರೂಪಾ ಹೇಳಿದ್ದು ಖರೇನ' ಎಂದಳು ಸುಧಾ.

ಫೋಟೋ ತೋರಿಸಿದರೆ ಟ್ರೋಫಿ ಹೋಗುತ್ತದೆ, ಟ್ರೋಫಿ ಉಳಿಯಬೇಕೆಂದರೆ ಫೋಟೋ ಪಾಸ್‌ಪೋರ್ಟುಗಳ ಕೆಳಗೆ ಸೇರಬೇಕು. 'ಒಂದ ಕೆಲಸ ಮಾಡೂಣು, ಕೆಳಗಿಂದ ಕಾಲು ಅಷ್ಟ ಕತ್ತರಿಸಿ ತಗದುಬಿಡೂಣು' ಎಂದೆ. ಸುಧಾ ನನ್ನನ್ನು ದಿಟ್ಟಿಸಿ ನೋಡಿದಳು. 'ಕಾಲು ತಗದ್ರ ಹಾರಿದ್ದೆಲ್ಲಿ ಉಳೀತ್ರಿ? ಮತ್ತ ಮೊಣಕೈನ ಉಳೀತಾವು' ಎಂದಳು. ಮರುದಿನ ಬೆಳಿಗ್ಗೆ ಚಹಾ ಕುಡಿದು ಅವಳು ಮೊದಲು ಮಾಡಿದ ಕೆಲಸ, ಸೈಪ್ರೆಸ್‌ನಲ್ಲಿರುವ ರೂಪಾ ಅವರ ಮನೆಗೆ ಫೋನ್ ಹಚ್ಚಿದ್ದು. 'ರೂಪಾ, ನೀನ ಖರೇ ಹೇಳಿದ್ದಿ. ಎರಡೂ ಕಾಲು ಮ್ಯಾಲ ಇದ್ವು. ನನ್ನ ಕಡೆ ಫೋಟೋ ಐತಿ. ತಪ್ಪಾತವ್ವಾ' ಎಂದಳು. ರೂಪಾ ಅವರ ನಗು ಸ್ಪೀಕರಿನಿಂದ ಅಡುಗೆಮನೆಯವರೆಗೂ ಬಂತು. 'ಟ್ರೋಫಿ ಮನೆ ಹಾಳಾಗ್ಲಿ ಸುಧಕ್ಕ, ಮೊದಲು ಫೋಟೋ ಕಳಿಸಿ. ನಾನು ಹೇಳಿದ್ದು ಸರಿ ಅಂತ ನಮ್ಮ ಮನೆಯವರಿಗೆ ತೋರಿಸಬೇಕು.' ಟ್ರೋಫಿ ಆರು ತಿಂಗಳು ಮರ್ಫಿಯಲ್ಲಿ, ಆರು ತಿಂಗಳು ಸೈಪ್ರೆಸ್‌ನಲ್ಲಿ ಎಂದು ಅವರಿಬ್ಬರೇ ಐದು ನಿಮಿಷದಲ್ಲಿ ತೀರ್ಮಾನ ಮಾಡಿಕೊಂಡರು. ಕಮಿಟಿಗೆ ತಿಳಿಸುವ ಗೊಡವೆಗೂ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋಟೋ ಮೂರೂ ಊರಿನ ಗುಂಪಿಗೆ ಬಂತು. ರೂಪಾ ಸುಧಾಳ ಎರಡು ಬೂಟುಗಳ ಸುತ್ತ ಕೆಂಪು ಬಣ್ಣದಲ್ಲಿ ಒಂದು ದೊಡ್ಡ ವೃತ್ತ ಎಳೆದಿದ್ದರು. ನಾನು ಫೋನ್ ಹಿಡಿದು ಹೊಗಳಿಕೆಗೆ ಕಾದು ಕೂತೆ. ನೂರಕ್ಕೂ ಮೇಲೆ ಸಂದೇಶ ಬಂದವು. ಎಲ್ಲರೂ ಕಾಲು ನೋಡಿದವರೇ. ಒಂದು ಗೇಣೋ ಒಂದೂವರೆ ಗೇಣೋ ಎಂದು ಎರಡು ಪಕ್ಷವಾಯಿತು. ನಂಜುಂಡನೊಬ್ಬ ಮಾತ್ರ ನನಗೆ ಪ್ರತ್ಯೇಕವಾಗಿ 'ಬೇಗ ಒತ್ತಿದೆಯಲ್ಲೋ, ಭೇಷ್' ಎಂದು ಬರೆದ. ಮೇಘಾ ಅದನ್ನು ತನ್ನ ಫೋನಿನ ಮುಖಕ್ಕೆ ಹಾಕಿಕೊಂಡು, 'ಅಮ್ಮಾ, ಯು ಆರ್ ಫ್ಲೈಯಿಂಗ್!' ಎಂದು ಕಿರುಚಿದಳು, ಆಮೇಲೆ ಗೆಳತಿಯರಿಗೆಲ್ಲ ಕಳಿಸಿದಳಂತೆ. ಸುಧಾ ಆ ಮಾತನ್ನು ನನಗೆ ಮೂರು ಸಲ ಹೇಳಿದಳು.

ಈಗ ಆ ಫೋಟೋ ನಮ್ಮ ಹಾಲಿನಲ್ಲಿ, ಬಾಗಿಲು ತೆಗೆದರೆ ಎದುರಿಗೇ ಕಾಣುವ ಹಾಗೆ, ದೊಡ್ಡದಾಗಿ ತೂಗುತ್ತಿದೆ. ವೃತ್ತ ಇಲ್ಲದ್ದನ್ನೇ ಪ್ರಿಂಟ್ ಮಾಡಿಸೋಣ ಎಂದು ನಾನು ಗೋಗರೆದೆ. ಸುಧಾ ಸುತರಾಂ ಒಪ್ಪಲಿಲ್ಲ. 'ಆ ವೃತ್ತ ಇದ್ರನ ನಾ ಹಾರಿದ್ದು ಎಲ್ಲಾರಿಗೂ ಕಾಣೂದು' ಅಂದಳು. ಮೊಣಕಾಲಿನ ಆಪರೇಷನ್ ಆಗಿ ಅವಳು ಮನೆಯಲ್ಲಿದ್ದಾಗ ನೋಡಲು ಬಂದವರೆಲ್ಲ ಮೊದಲು ಆ ಗೋಡೆಯ ಮುಂದೆ ನಿಂತೇ ಒಳಗೆ ಬರುತ್ತಿದ್ದರು, ಅವಳ ಮುಖ ಅರಳುತ್ತಿತ್ತು. ಒಂದು ದಿನ ಕಾರ್ಯದರ್ಶಿ ಶ್ರೀನಿವಾಸ್ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು, ಈಗ ಅವರಿಗೆ ಅದೇ ಅಭ್ಯಾಸವಾಗಿದೆ. ಕೈಕಟ್ಟಿಕೊಂಡು ಬಹಳ ಹೊತ್ತು ಫೋಟೋ ನೋಡಿದರು. ನಾನು ಪಕ್ಕದಲ್ಲಿ ಹೋಗಿ ನಿಂತು, ಹೊಗಳಿದರೆ ಹೇಗೆ ನಾಚಿಕೊಳ್ಳಬೇಕು ಎಂದು ತಯಾರಾದೆ.

'ಸಾರ್, ಆ ವೃತ್ತ ಎಷ್ಟು ದುಂಡಗಿದೆ ನೋಡಿ, ಒಂದು ಚೂರೂ ಅಲುಗಿಲ್ಲ. ಯಾರು ಹಾಕಿದ್ದು?' ಎಂದರು.

'ರೂಪಾ' ಎಂದೆ.

'ಒಳ್ಳೆ ಕೈ ಸಾರ್. ಮುಂದಿನ ವರ್ಷ ಫೋಟೋ ತೆಗೆಯೋಕೆ ಅವರನ್ನೇ ಕೇಳೋಣ್ವಾ?'